ಸಮುದ್ರ ಎಡಗಡೆಗಿರಲಿ

ಕಡಲ ದಂಡೆಗುಂಟ ನಡೆಸುವ ಟ್ರೆಕ್ಕಿಂಗ್ ಕಂಪನಿಗಳ ಜಾಹೀರಾತುಗಳನ್ನು ಒಂದಿಷ್ಟು ದಿನ ಓದಿದರೆ ಸಾಕು, ಎಂಥವರಿಗೂ ತಮ್ಮ ಮೊಣಕಾಲಿನ ಮೇಲೆ ಅಭಿಮಾನ ಉಕ್ಕುತ್ತದೆ. ಅವುಗಳಲ್ಲಿ ಏರು ಎಂಬುದಿಲ್ಲ, ವ್ಯೂ ಪಾಯಿಂಟ್ ಇದೆ. ಬಿಸಿಲಿಲ್ಲ, ಸೂರ್ಯಾಸ್ತ ಇದೆ. ಎಲ್ಲ ಫೋಟೋಗಳಲ್ಲೂ ಅದೇ ಹುಡುಗಿ ನಮಗೆ ಬೆನ್ನು ಮಾಡಿ ಬಂಡೆಯ ತುದಿಯಲ್ಲಿ ಕೈ ಚಾಚಿ ನಿಂತಿರುತ್ತಾಳೆ. ಅವಳು ಅಲ್ಲಿಗೆ ಹತ್ತಿದ್ದು ಹೇಗೆ, ಆಮೇಲೆ ಇಳಿದಳೋ ಇಲ್ಲವೋ ಎಂಬುದನ್ನು ಮಾತ್ರ ಯಾರೂ ಬರೆಯುವುದಿಲ್ಲ. ಕೆಳಗೆ ಸಣ್ಣ ಅಕ್ಷರಗಳಲ್ಲಿ ‘ಈಸಿ ಟು ಮಾಡರೇಟ್’ ಎಂದಿರುತ್ತದೆ. ಯಾರಿಗೆ ಈಸಿ, ಯಾರಿಗೆ ಮಾಡರೇಟ್ ಎಂದು ಕೇಳಬೇಕಾದ್ದು ನಾವು.

ನಮ್ಮ ಮನೆಗೆ ಇಂಥ ಆಮಿಷಗಳು ಬಂದದ್ದು ಬೇರೆ ಬೇರೆ ದಿಕ್ಕಿನಿಂದ. ಪುಣೆಯಲ್ಲಿರುವ ಮಗ ಕೊಂಕಣದ ಕರಾವಳಿಯಲ್ಲಿ ಸೈಕಲ್ ತುಳಿಸುವವರ ವಿವರ ಕಳಿಸಿದ. ಬ್ರಿಸ್ಟಲ್‌ನಲ್ಲಿರುವ ತಂಗಿ “ಇಲ್ಲಿಗೇ ಬಂದುಬಿಡೇ, ಕಾರ್ನ್‌ವಾಲ್‌ನಲ್ಲಿ ನಡೆಯೋಣ” ಎಂದಳು. ನನ್ನ ಮನಸ್ಸು ಹಠ ಹಿಡಿದಿದ್ದು ಕುಮಟಾದಿಂದ ಗೋಕರ್ಣಕ್ಕೆ ದಂಡೆಗುಂಟ ಹೋಗುವ ನಡಿಗೆಯ ಮೇಲೆ. ನಮ್ಮವರದು ಒಂದೇ ಷರತ್ತು: ಎಲ್ಲಿಗಾದರೂ ಸರಿ, ಊಟ ಹೊತ್ತಿಗೆ ಸರಿಯಾಗಿ ಸಿಗಬೇಕು.

ಕಾರ್ನ್‌ವಾಲ್‌ನದು ನಿಜಕ್ಕೂ ದೊಡ್ಡ ದಾರಿ. ಇಂಗ್ಲೆಂಡಿನ ನೈರುತ್ಯದಲ್ಲಿ ಮೈನ್‌ಹೆಡ್‌ನಿಂದ ಪೂಲ್ ಬಂದರಿನವರೆಗೆ 1,014 ಕಿಲೋಮೀಟರ್ ಉದ್ದದ ಸೌತ್ ವೆಸ್ಟ್ ಕೋಸ್ಟ್ ಪಾತ್ ಇದೆ. ಕಾರ್ನ್‌ವಾಲ್‌ನ ಒರಟು ತೀರ ಅದರ ನಡುವೆ ಬರುತ್ತದೆ. ಹಿಂದೆ ಕಳ್ಳಸಾಗಣೆದಾರರನ್ನು ಹಿಡಿಯಲು ಕರಾವಳಿ ಕಾವಲಿನವರು ಒಂದೊಂದು ಕೊಲ್ಲಿಯನ್ನೂ ಇಣುಕಿ ನೋಡುತ್ತ ತಿರುಗಿದ ಜಾಡು ಅದು. ಹಾಗಾಗಿ ದಾರಿ ಬಂಡೆಯಂಚನ್ನು ಬಿಡುವುದೇ ಇಲ್ಲ, ಹತ್ತುತ್ತದೆ, ಇಳಿಯುತ್ತದೆ, ಮತ್ತೆ ಹತ್ತುತ್ತದೆ. ಪೂರ್ತಿ ನಡೆದವರು ಹತ್ತಿದ ಎತ್ತರ ನಾಲ್ಕು ಎವರೆಸ್ಟಿನಷ್ಟಾಗುತ್ತದೆ ಎಂದು ಅಲ್ಲಿಯವರು ಲೆಕ್ಕ ಹೇಳುತ್ತಾರೆ. ಆದರೆ ದಾರಿಯುದ್ದಕ್ಕೂ ಓಕ್ ಕಾಯಿಯ ಗುರುತಿನ ಕಂಬಗಳಿವೆ, ಒಳ್ಳೆಯ ನಕ್ಷೆಗಳಿವೆ. ಆದ್ದರಿಂದ ಬಹಳ ಮಂದಿ ಗೈಡ್ ಇಲ್ಲದೆಯೇ ಹೋಗುತ್ತಾರೆ. ಕಂಪನಿಯವರು ಕೋಣೆ ಕಾದಿರಿಸಿ, ಬೆಳಿಗ್ಗೆ ನಿಮ್ಮ ಚೀಲವನ್ನು ವ್ಯಾನಿಗೆ ಹಾಕಿ ಮುಂದಿನ ಊರಿಗೆ ಸಾಗಿಸುತ್ತಾರೆ. ನೀವು ನೀರಿನ ಬಾಟಲಿ ಹಿಡಿದು ನಡೆದರಾಯಿತು. ದುಡ್ಡು ಕೊಡುವುದು ಮನುಷ್ಯನ ಜೊತೆಗಲ್ಲ, ಚೀಲದ ಸಾಗಾಟಕ್ಕೆ. ಇದನ್ನು ಕೇಳಿ ನಮ್ಮವರ ಮುಖ ಅರಳಿತು. “ಚೀಲದ ಜೊತೆ ವ್ಯಾನಿನಲ್ಲಿ ನಮ್ಮನ್ನೂ ಕೂರಿಸಿಕೊಳ್ಳುತ್ತಾರೋ ಕೇಳು” ಎಂದರು. ವೀಸಾ, ಟಿಕೆಟ್ಟು, ಪೌಂಡಿನ ಲೆಕ್ಕ ಹಾಕಿದ ಮೇಲೆ ಆ ಮಾತು ಅಲ್ಲಿಗೇ ನಿಂತಿತು.

ಮಗನ ಸೈಕಲ್ ದಾರಿಯನ್ನು ಅಷ್ಟು ಸುಲಭವಾಗಿ ತಳ್ಳಿಹಾಕುವಂತಿರಲಿಲ್ಲ. ಮಹಾರಾಷ್ಟ್ರದ ಆ ತೀರದಲ್ಲಿ ಸಮುದ್ರ ಒಳನಾಡಿಗೆ ಕೈ ಚಾಚಿದ ಖಾಡಿಗಳು ಒಂದರ ಹಿಂದೊಂದು ಬರುತ್ತವೆ. ಆಗರದಾಂಡಾದಿಂದ ದಿಘಿಗೆ, ಬಾಗಮಾಂಡಲಾದಿಂದ ವೇಶ್ವಿಗೆ, ದಾಭೋಳದ ಆಚೆ ದಡಕ್ಕೆ, ತವಸಾಳದಿಂದ ಜಯಗಡಕ್ಕೆ ಸೈಕಲ್ ಸಮೇತ ದೋಣಿ ಹತ್ತಿ ದಾಟಬಹುದು. ಕೇಳುವುದಕ್ಕೇ ಚೆಂದ. ಆದರೆ ದೋಣಿ ಇಳಿಸುವುದು ಸಮುದ್ರದ ಮಟ್ಟದಲ್ಲಿ, ಮುಂದಿನ ಊರು ಇರುವುದು ಕೆಂಪು ಕಲ್ಲಿನ ಬೋಳು ದಿಬ್ಬದ ಮೇಲೆ. ಹತ್ತಿ, ಮೇಲೆ ಒಂದಿಷ್ಟು ದೂರ ಗಾಳಿಗೆ ಎದೆಯೊಡ್ಡಿ ತುಳಿದು, ಮತ್ತೆ ಇಳಿದರೆ ಇನ್ನೊಂದು ಖಾಡಿ. ದಿನಕ್ಕೆ ನಲವತ್ತೇ ಕಿಲೋಮೀಟರ್ ಎಂದು ಬರೆದಿದ್ದರೂ ಅದರಲ್ಲಿ ಎಷ್ಟು ಏರು ಎಂದು ಕೇಳದೆ ಹಣ ಕಟ್ಟಬಾರದು. ಸೈಕಲ್ ಅವರೇ ಕೊಡುವುದಾದರೆ ನಮ್ಮ ಎತ್ತರಕ್ಕೆ ಸರಿಹೊಂದುವ ಚೌಕಟ್ಟು ಇದೆಯೋ ಎಂದೂ ಕೇಳಬೇಕು. ಇನ್ನು ಬ್ಯಾಕಪ್ ಗಾಡಿ. ಗಾಡಿ ಇದೆ ಎಂದು ಎಲ್ಲರೂ ಬರೆಯುತ್ತಾರೆ. ಅದು ಕೊನೆಯ ಸೈಕಲ್ಲಿನ ಹಿಂದೆ ಬರುತ್ತದೋ, ಅಥವಾ ಮುಂದೆ ಹೋಗಿ ಡ್ರೈವರ್ ಹೋಟೆಲಿನಲ್ಲಿ ವಡಾ ಪಾವ್ ತಿನ್ನುತ್ತ ಕೂತಿರುತ್ತಾನೋ ಎಂಬುದರ ಮೇಲೆ ನನ್ನಂಥವಳ ಇಡೀ ಪ್ರವಾಸ ನಿಂತಿರುತ್ತದೆ.

ಹಾಗಾದರೆ ನಮ್ಮದೇ ಕರಾವಳಿಯಲ್ಲಿ ಸೈಕಲ್ ಹೊಡೆಯಬಹುದಲ್ಲ ಎಂದು ನೀವು ಕೇಳಬಹುದು. ಹೊಡೆಯಬಹುದು, ಆದರೆ ಉತ್ತರ ಕನ್ನಡದಲ್ಲಿ ಘಟ್ಟ ಸಮುದ್ರದ ಮೈಗೇ ಬಂದು ನಿಂತಿದೆ. ಕಾರವಾರದಲ್ಲಿ ಕಾಳಿ, ಅಂಕೋಲಾ ಗೋಕರ್ಣಗಳ ನಡುವೆ ಗಂಗಾವಳಿ, ಇತ್ತ ಅಘನಾಶಿನಿ, ಹೊನ್ನಾವರದಲ್ಲಿ ಶರಾವತಿ. ಊರೊಳಗಿನ ಚಂದದ ರಸ್ತೆಗಳೆಲ್ಲ ಯಾವುದಾದರೊಂದು ನದೀಮುಖಕ್ಕೆ ಬಂದು ಮುಗಿದುಹೋಗುತ್ತವೆ. ಬಾರ್ಜ್ ಇದ್ದಲ್ಲಿ ಸರಿ, ಇಲ್ಲದ ಕಡೆ ಸೈಕಲ್ ತಿರುಗಿಸಿಕೊಂಡು ಚತುಷ್ಪಥ ಹೆದ್ದಾರಿ 66ಕ್ಕೇ ಬರಬೇಕು. ಅಲ್ಲಿ ಮೀನಿನ ಲಾರಿ, ಗ್ಯಾಸ್ ಟ್ಯಾಂಕರ್, ರಾತ್ರಿ ಬಸ್ಸುಗಳದ್ದೇ ರಾಜ್ಯ. ಅದನ್ನು ಅಗಲ ಮಾಡಲು ಗುಡ್ಡದ ಬುಡ ಕತ್ತರಿಸಿದ್ದು ಏನಾಯಿತು ಎಂಬುದನ್ನು 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದಾಗ ನೋಡಿದ್ದೇವೆ. ಹೆದ್ದಾರಿಯ ಹಂಗಿಲ್ಲದೆ ಈ ತೀರವನ್ನು ನೋಡಬೇಕೆಂದರೆ ನಡೆಯುವುದೇ ಸೈ. ಮಗನಿಗೆ ಹಾಗೆಂದೆ. “ನಿನ್ನ ಮೊಣಕಾಲು, ನಿನ್ನಿಷ್ಟ ಅಮ್ಮಾ” ಎಂದ.

ಕುಮಟಾದಿಂದ ಗೋಕರ್ಣ ದಂಡೆಗುಂಟ ಇಪ್ಪತ್ತರಿಂದ ಇಪ್ಪತ್ತೈದು ಕಿಲೋಮೀಟರ್. ಬೆಂಗಳೂರಿನ ಪ್ಯಾಕೇಜಿನವರು ಇದನ್ನು ಒಂದೇ ಹಗಲಿನಲ್ಲಿ ಮುಗಿಸುತ್ತಾರೆ. ಶುಕ್ರವಾರ ರಾತ್ರಿ ಟೆಂಪೋ ಟ್ರಾವೆಲರ್ ಹತ್ತಿಸಿ, ಕುಳಿತಲ್ಲೇ ನಿದ್ದೆ ಮಾಡಿಸಿ, ಶನಿವಾರ ಬೆಳಿಗ್ಗೆ ಕುಮಟಾದಲ್ಲಿ ಇಳಿಸಿ, ಅವಲಕ್ಕಿ ತಿನ್ನಿಸಿ ನಡೆಸಲು ಶುರುಮಾಡಿದರೆ ಸಂಜೆ ಓಂ ಬೀಚ್. ರಾತ್ರಿ ಡಿಜೆ. ಭಾನುವಾರ ಯಾಣ ನೋಡಿಸಿ ವಾಪಸು. ರಾತ್ರಿಯ ಮನರಂಜನೆಯೇ ಬೇಕಿದ್ದರೆ ಪಕ್ಕದ ಹೊನ್ನಾವರ ತಾಲ್ಲೂಕಿನ ಗುಣವಂತೆಯಲ್ಲಿ 1934ರಲ್ಲಿ ಹುಟ್ಟಿದ ಕೆರೆಮನೆ ಮೇಳ ಇದೆ, ಚಳಿಗಾಲದಲ್ಲಿ ಆ ಸೀಮೆಯಲ್ಲಿ ಎಲ್ಲಾದರೊಂದು ಕಡೆ ಆಟ ನಡೆದೇ ಇರುತ್ತದೆ. ನಾನು ಓದಿದ ಯಾವ ಪ್ಯಾಕೇಜಿನಲ್ಲೂ ಯಕ್ಷಗಾನದ ಹೆಸರಿರಲಿಲ್ಲ. ಯಶವಂತ ಚಿತ್ತಾಲರ ಹನೇಹಳ್ಳಿ ಗೋಕರ್ಣದ ಮಗ್ಗುಲಲ್ಲೇ ಇದೆ ಎಂಬುದು ಅವರಿಗೆ ಗೊತ್ತಿರಲಿಕ್ಕಿಲ್ಲ, ಅದಕ್ಕೆ ಬೇಸರವಿಲ್ಲ. ಬೇಸರವಾದದ್ದು ಬೇರೆ ವಿಷಯಕ್ಕೆ.

ಒಂದು ಕಂಪನಿಗೆ ಫೋನ್ ಮಾಡಿ, ಬಂಡೆಗಳ ಭಾಗ ದಾಟುವ ಹೊತ್ತಿಗೆ ಸಮುದ್ರದ ಇಳಿತ ಎಷ್ಟು ಗಂಟೆಗೆ ಎಂದು ವಿಚಾರಿಸಿದೆ. ಆ ಕಡೆಯ ಹುಡುಗ ಒಂದು ಕ್ಷಣ ಸುಮ್ಮನಾದ.

“ಮೇಡಂ, ಅದೆಲ್ಲಾ ನಾವ್ ಮ್ಯಾನೇಜ್ ಮಾಡ್ತೀವಿ. ನೀವು ತಲೆ ಕೆಡಿಸ್ಕೋಬೇಡಿ.”

“ಗೈಡ್ ಯಾವೂರಿನವರಪ್ಪಾ?”

“ನಮ್ಮ ಟ್ರೆಕ್ ಲೀಡ್‌ಗಳು ಎಲ್ಲಾ ಬೆಂಗಳೂರಿನವರೇ ಮೇಡಂ. ಸೂಪರ್ ಫ್ರೆಂಡ್ಲಿ.”

ಒಂದು ಗುಂಪಿನಲ್ಲಿ ಎಷ್ಟು ಜನ ಎಂದರೆ “ಮೂವತ್ತೈದು, ಲಾಂಗ್ ವೀಕೆಂಡ್ ಆದ್ರೆ ಸ್ವಲ್ಪ ಜಾಸ್ತಿ” ಎಂದ. ಫ್ರೆಂಡ್ಲಿಯಾಗಿರುವುದು ಒಳ್ಳೆಯದೇ. ಆದರೆ ಸಮುದ್ರಕ್ಕೆ ಸಂಬಂಧಪಟ್ಟ ಮಾತಿನಲ್ಲಿ ನನಗೆ ಸ್ವಲ್ಪ ಗಡಸು ಮನುಷ್ಯ ಬೇಕೆನಿಸಿತು.

ಅಂಥವರು ಸಿಕ್ಕಿದ್ದು ಕುಮಟಾ ಕಡೆಯ ನನ್ನ ಹಳೆಯ ಸಹೋದ್ಯೋಗಿಯ ಮೂಲಕ. ತದಡಿಯ ಸುತ್ತಿನವರು, ಮೀನುಗಾರ ಮನೆತನ. ಚಳಿಗಾಲದಲ್ಲಿ ಸಣ್ಣ ಗುಂಪುಗಳನ್ನು ನಡೆಸುತ್ತಾರೆ, ಹತ್ತರ ಮೇಲೆ ಒಬ್ಬರನ್ನೂ ಸೇರಿಸಿಕೊಳ್ಳುವುದಿಲ್ಲ. ಅವರಿಗೆ ವೆಬ್‌ಸೈಟ್ ಇಲ್ಲ, ಬಂಡೆಯ ಮೇಲಿನ ಹುಡುಗಿಯೂ ಇಲ್ಲ. ಫೋನಿನಲ್ಲಿ ಮೊದಲು ಕೇಳಿದ್ದೇ “ಯಾವ ತಾರೀಕು? ಅಮಾಸಿ ಹತ್ರ ಬತ್ತದೆಯೋ?” ಎಂದು. ಹುಣ್ಣಿಮೆ ಅಮಾವಾಸ್ಯೆಗಳ ಸುತ್ತಮುತ್ತ ಭರತ ದೊಡ್ಡದು, ಇಳಿತವೂ ದೊಡ್ಡದು. ನೀರು ಏರಿಳಿಯುವ ಅಂತರ ಎರಡು ಮೀಟರಿನ ಆಸುಪಾಸಿಗೆ ಹೋಗುತ್ತದೆ. ಇಳಿತ ಸಿಕ್ಕರೆ ದಂಡೆ ಅಗಲವಾಗಿ, ಗಟ್ಟಿಯಾಗಿ ಸಿಗುತ್ತದೆ. ಭರತಕ್ಕೆ ಸಿಕ್ಕಿಬಿದ್ದರೆ ಬಂಡೆಯ ಬುಡದ ದಾರಿಯೇ ಇರುವುದಿಲ್ಲ. ಹೊತ್ತು ದಿನದಿಂದ ದಿನಕ್ಕೆ ಮುಕ್ಕಾಲು ಗಂಟೆಗೂ ಮಿಕ್ಕಿ ಮುಂದಕ್ಕೆ ಸರಿಯುತ್ತ ಹೋಗುವುದರಿಂದ ಕಳೆದ ವಾರ ಹೋಗಿಬಂದವರ ಅನುಭವ ಈ ವಾರಕ್ಕೆ ಬರುವುದಿಲ್ಲ. ನಾವು ಹೊರಡುವ ದಿನವನ್ನು ಕ್ಯಾಲೆಂಡರಿನ ರಜೆ ನೋಡಿ ಗೊತ್ತು ಮಾಡಿರಲಿಲ್ಲ, ಅವರು ಹೇಳಿದ ತಿಥಿ ನೋಡಿ ಗೊತ್ತು ಮಾಡಿದೆವು. ನಮ್ಮತ್ತೆ ಬದುಕಿದ್ದರೆ ಸೊಸೆಗೆ ಕೊನೆಗೂ ಬುದ್ಧಿ ಬಂತು ಎನ್ನುತ್ತಿದ್ದರು.

ಯಾವ ಕಡೆಯಿಂದ ಯಾವ ಕಡೆಗೆ ನಡೆಯಬೇಕೆಂಬುದೂ ಅವರದೇ ತೀರ್ಮಾನ. ಗೋಕರ್ಣದಿಂದ ಹೊರಟು ದಕ್ಷಿಣಕ್ಕೆ ನಡೆದರೆ ಸಮುದ್ರ ಬಲಕ್ಕಿರುತ್ತದೆ, ಡಿಸೆಂಬರಿನ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ಹಗಲಿಡೀ ಬಿಸಿಲು ಮುಖಕ್ಕೇ ಹೊಡೆಯುತ್ತದೆ. ಕುಮಟಾದಿಂದ ಉತ್ತರಕ್ಕೆ ನಡೆದರೆ ಸಮುದ್ರ ಎಡಕ್ಕೆ, ಬಿಸಿಲು ಬೆನ್ನಿಗೆ. ಸುಲಭದ ಮರಳು ಮೊದಲು ಬರುತ್ತದೆ, ಬಂಡೆಗಳು ಕಾಲು ಪಳಗಿದ ಮೇಲೆ. ಕೊನೆಗೆ ಮಹಾಬಲೇಶ್ವರನ ದರ್ಶನ, ಪೇಟೆಯಲ್ಲಿ ಊಟ. ಇಷ್ಟು ಸರಳ ಸಂಗತಿಯನ್ನು ಜಾಹೀರಾತಿನಲ್ಲಿ ಬರೆಯಲು ಒಂದು ಸಾಲು ಸಾಕಿತ್ತು.

ಸುಲಭದ ಮರಳು ಎಂದೆನಲ್ಲ, ಅದರಲ್ಲೂ ತಾರತಮ್ಯ ಇದೆ. ಹೊಲನಗದ್ದೆ, ಬಾಡ, ಕಾಗಾಲದ ದಂಡೆಗಳು ಉದ್ದಕ್ಕೆ ಬಿದ್ದುಕೊಂಡಿವೆ, ಗಾಳಿಮರದ ಸಾಲು ಒಂದು ಕಡೆ, ನೀರು ಇನ್ನೊಂದು ಕಡೆ. ಒಣ ಮರಳಿನಲ್ಲಿ ಕಾಲು ಹುಗಿದು ಹುಗಿದು ನಡೆದರೆ ಡಾಂಬರು ರಸ್ತೆಗಿಂತ ಹೆಚ್ಚುಕಡಿಮೆ ಎರಡು ಪಟ್ಟು ದಣಿವು. ತೆರೆ ಬಂದು ಹೋದ ಒದ್ದೆ ಪಟ್ಟಿಯ ಮೇಲೆ ನಡೆದರೆ ಆ ಕಷ್ಟವಿಲ್ಲ, ಆದರೆ ಅದು ಸಮುದ್ರದ ಕಡೆಗೆ ವಾಲಿರುತ್ತದೆ, ಎಡಗಾಲು ಯಾವಾಗಲೂ ಬಲಗಾಲಿಗಿಂತ ತಗ್ಗಿನಲ್ಲಿ. ಸ್ವಲ್ಪ ಹೊತ್ತಿಗೆ ಸೊಂಟ ಮಾತನಾಡತೊಡಗುತ್ತದೆ. ನಮ್ಮ ಮಾರ್ಗದರ್ಶಿಗಳು ಚಪ್ಪಲಿಯನ್ನು ಕಂಕುಳಲ್ಲಿಟ್ಟು ಬರಿಗಾಲಲ್ಲಿ ಮುಂದೆ ಹೋಗುತ್ತಿದ್ದರು, ದಂಡೆಯಲ್ಲಿ ಬಲೆ ಬಿಡಿಸುತ್ತಿದ್ದವರೊಡನೆ ಬಂಗಡೆಯ ರೇಟು ಮಾತಾಡುತ್ತ. ನಮ್ಮ ಗುಂಪಿನ ಯುವಕನೊಬ್ಬನ ಕೈಗಡಿಯಾರ ನಾವು ಎಷ್ಟು ಹೆಜ್ಜೆ ಹಾಕಿದೆವೆಂದು ಆಗಾಗ ಹೇಳುತ್ತಿತ್ತು. ಅದಕ್ಕೆ ಯಾರೂ ಉತ್ತರ ಕೊಡಲಿಲ್ಲ.

ಅಘನಾಶಿನಿ ಊರಿಗೆ ಬಂದಾಗ ಬಾರ್ಜ್ ಆಚೆ ದಡದಲ್ಲಿತ್ತು. ನಮ್ಮವರು ಈಚೆ ದಡದಲ್ಲಿ, ನೆರಳಿನಲ್ಲಿ, ನಮ್ಮೆಲ್ಲರ ಚೀಲಗಳ ನಡುವೆ ಕುಳಿತು ಮುರುಗಲ ಹಣ್ಣಿನ ಪಾನಕ ಕುಡಿಯುತ್ತಿದ್ದರು. ಕುಮಟಾದಿಂದ ಚೀಲ ತಂದ ಆಟೋದಲ್ಲೇ ಬಂದಿದ್ದರು. ಕಾರ್ನ್‌ವಾಲ್‌ನ ಏರ್ಪಾಟನ್ನು ಅವರು ಕುಮಟಾದಲ್ಲಿ ಜಾರಿಗೆ ತಂದಿದ್ದರು. “ದಾರಿ ಬಹಳ ಚೆನ್ನಾಗಿತ್ತು” ಎಂದರು.

ಅಘನಾಶಿನಿ ನದಿ ಶಿರಸಿಯ ಕಡೆ ಹುಟ್ಟಿ ನೂರಿಪ್ಪತ್ತು ಕಿಲೋಮೀಟರಿನಷ್ಟು ಹರಿದು ಒಂದೂ ಅಣೆಕಟ್ಟಿಗೆ ಸಿಕ್ಕದೆ ಸಮುದ್ರ ಸೇರುವಂಥದ್ದು. ಅದರ ಅಳಿವೆಗೆ 2024ರಲ್ಲಿ ಜೌಗುಭೂಮಿಗಳಿಗೆ ಕೊಡುವ ರಾಮ್ಸಾರ್ ಮಾನ್ಯತೆ ಸಿಕ್ಕಿದೆ. ಇದೇ ತದಡಿಯಲ್ಲಿ 4,000 ಮೆಗಾವಾಟಿನ ಉಷ್ಣ ವಿದ್ಯುತ್ ಸ್ಥಾವರ ತರುವ ಯೋಜನೆಯಿತ್ತು, ಜನ ಬಿಡಲಿಲ್ಲ. ಬಾರ್ಜಿಗೆ ಕಾಯುವಾಗ ನೀರು ಇಳಿಯುತ್ತಿತ್ತು, ಕೆಸರಿನ ದಿಬ್ಬಗಳು ಒಂದೊಂದೇ ತಲೆಯೆತ್ತುತ್ತಿದ್ದವು. ಸೀರೆ ಎತ್ತಿಕಟ್ಟಿದ ಹೆಂಗಸರು ಬುಟ್ಟಿ ಹಿಡಿದು ಮೊಣಕಾಲ ಮಟ್ಟದ ನೀರಿಗಿಳಿದು ಚಿಪ್ಪಿಕಲ್ಲು ಹೆಕ್ಕುತ್ತಿದ್ದರು. ಕಾಲಿನಿಂದ ತಡವಿ, ಸಿಕ್ಕಿತೆಂದರೆ ಬಗ್ಗಿ, ಕೈಹಾಕಿ, ಜಾಲಾಡಿ, ಬುಟ್ಟಿಗೆ. ಇಳಿತದ ಹೊತ್ತಷ್ಟೇ ಅವರ ಕೆಲಸದ ಹೊತ್ತು. ಒಳಗೆ ಮಾಣಿಕಟ್ಟಾ ಕಡೆಯ ಗಜನಿ ಗದ್ದೆಗಳಲ್ಲಿ ಉಪ್ಪುನೀರನ್ನು ತಡೆದುಕೊಳ್ಳುವ ಕಗ್ಗ ಭತ್ತ ಬೆಳೆಯುತ್ತಾರೆ, ಸಾಣಿಕಟ್ಟೆಯಲ್ಲಿ ಅದೇ ಉಪ್ಪುನೀರನ್ನು ಒಣಗಿಸಿ ಉಪ್ಪು ತೆಗೆಯುತ್ತಾರೆ. ಇಲ್ಲಿ ಸಮುದ್ರದ ಏರಿಳಿತಕ್ಕೆ ಹೊಂದಿಸದೆ ಯಾರೂ ದಿನ ಕಳೆಯುವುದಿಲ್ಲ. ಬೆಂಗಳೂರಿನ ಟೈಮ್ ಟೇಬಲ್ ಹಿಡಿದು ಬಂದು ದಂಡೆಯ ಮೇಲೆ ಸೀಟಿ ಊದುವವರು ಮಾತ್ರ ಅದಕ್ಕೆ ಹೊರಗು.

ತದಡಿಯಲ್ಲಿ ರಾತ್ರಿ ಒಂದು ಮನೆಯಲ್ಲಿ ಉಳಿದೆವು. ಕುಚ್ಚಲಕ್ಕಿ ಅನ್ನ, ಮೀನು ಸಾರು, ಮೀನು ತಿನ್ನದ ನಮಗೆ ತಂಬುಳಿ, ಹುರಿದ ಹಪ್ಪಳ. ಹೊತ್ತಿಗೆ ಸರಿಯಾಗಿ ಸಿಕ್ಕಿತು ಎಂಬುದನ್ನು ದಾಖಲಿಸಬೇಕೆಂದು ನಮ್ಮವರ ಅಪ್ಪಣೆ.

ಮರುದಿನದ್ದು ಬೇಲೆಕಾನ ದಾಟಿ ಪ್ಯಾರಡೈಸ್, ಹಾಫ್ ಮೂನ್, ಓಂ, ಕುಡ್ಲೆ ಎಂದು ಒಂದರ ಪಕ್ಕ ಒಂದು ಸಣ್ಣ ದಂಡೆಗಳು. ನಡುನಡುವೆ ಗುಡ್ಡ ಸಮುದ್ರಕ್ಕೆ ನುಗ್ಗಿಬಿಟ್ಟಿದೆ. ಕೆಲವೆಡೆ ಗುಡ್ಡದ ಮೇಲೆ ಹುಲ್ಲಿನ ನಡುವೆ ಕಾಲುದಾರಿ, ಕೆಲವೆಡೆ ಬುಡದ ಬಂಡೆಗಳ ಮೇಲೇ ದಾರಿ. ಪ್ಯಾರಡೈಸ್ ಬಿಟ್ಟು ಹಾಫ್ ಮೂನ್ ಕಡೆಗೆ ತಿರುಗಿದಲ್ಲಿ ಆ ಬಂಡೆಗಳ ಬುಡಕ್ಕೆ ಬಂದೆವು. ಬಂಡೆಯ ಮೇಲ್ಭಾಗ ಉಳಿ ಹಾಕಿಸಿದ ಒರಳುಕಲ್ಲಿನಷ್ಟು ತರಕಲು, ಕಾಲಿಗೆ ಚೆನ್ನಾಗಿ ಹಿಡಿತ ಕೊಡುತ್ತದೆ. ಆದರೆ ನೀರು ಮುಟ್ಟಿ ಹೋಗುವ ಗೆರೆಯಿಂದ ಕೆಳಗೆ ಕಪ್ಪಗೆ ಪಾಚಿ. ಎರಡರ ನಡುವಿನ ಗೆರೆ ಎಲ್ಲಿ ಎಂಬುದು ನಮಗೆ ಕಾಣದು. ತೆರೆಗಳು ದೊಡ್ಡವೇನೂ ಇರಲಿಲ್ಲ. ಎರಡು ಕಲ್ಲುಗಳ ನಡುವೆ ನೀರು ನುಗ್ಗಿ, ಬುಸ್ ಎಂದು ನೊರೆ ಕಕ್ಕಿ, ಹಿಂದೆ ಸರಿಯುತ್ತಿತ್ತು. ಹಿಂದೆ ಸರಿದಾಗ ನಾಲ್ಕು ಹೆಜ್ಜೆಯ ಜಾಗ ಬರಿದಾಗುತ್ತಿತ್ತು. ಕೈಗಡಿಯಾರದ ಯುವಕ ನೋಡಿದ, ಲೆಕ್ಕ ಹಾಕಿದ.

“ಓಡಿ ದಾಟಬಹುದು ಅಣ್ಣ, ಹತ್ತು ಸೆಕೆಂಡ್ ಸಿಗುತ್ತೆ.”

ಮಾರ್ಗದರ್ಶಿಗಳು ಉತ್ತರ ಕೊಡಲಿಲ್ಲ. ಹೆಗಲ ಮೇಲಿನ ಟವೆಲ್ ತೆಗೆದು ಕಲ್ಲಿನ ಮೇಲೆ ಹಾಸಿದರು.

“ಕೂತ್ಕಣಿ ಅಕ್ಕೋರೆ” ಎಂದರು ನನಗೆ. “ನೀರು ಇಳೀತಾ ಅದೆ. ಒಂದು ತಾಸು ಕೂತ್ರೆ ದಾರಿ ತಾನಾಗೇ ಬತ್ತದೆ.”

ಯುವಕ ಮೇಲಿನಿಂದ ಸುತ್ತು ಹಾಕಿ ಹೋಗೋಣವೇ ಎಂದ. ಮೇಲೆ ಮಣ್ಣು ಸಡಿಲ, ಈ ಸಲ ಮಳೆಗೆ ಅಂಚು ಕುಸಿದಿದೆ ಎಂದರು. ಪಕ್ಕದಲ್ಲಿ ಇನ್ನೊಂದು ಗುಂಪು, ದೊಡ್ಡದು, ಒಂದೇ ಬಣ್ಣದ ಟೀ ಶರ್ಟಿನದು, ಕಿರುಚುತ್ತ ನಗುತ್ತ ಅದೇ ಜಾಗವನ್ನು ಓಡಿ ದಾಟಿತು. ಒಬ್ಬಳ ಶೂ ಸಮುದ್ರಕ್ಕೆ ಹೋಯಿತು, ಇನ್ನೊಬ್ಬನ ಮೊಣಕಾಲಿನಿಂದ ರಕ್ತ. ಸೀಟಿಯ ಹುಡುಗ “ಕಮಾನ್ ಗೈಸ್” ಎನ್ನುತ್ತಿದ್ದ. ನಮ್ಮವರು ಅವರನ್ನು ನೋಡಿ ಏನೂ ಅನ್ನಲಿಲ್ಲ, ಎಲೆ ಅಡಿಕೆಯ ಸಂಚಿ ಬಿಚ್ಚಿದರು. (ನಮ್ಮವರು ಎಂದರೆ ಇಲ್ಲಿ ಮಾರ್ಗದರ್ಶಿಗಳು. ಮನೆಯವರು ಆ ಹೊತ್ತಿಗೆ ಚೀಲಗಳೊಂದಿಗೆ ಗೋಕರ್ಣ ತಲುಪಿ ಕೋಟಿತೀರ್ಥದ ಸುತ್ತ ತಿರುಗುತ್ತಿದ್ದರು.)

ಒಂದು ತಾಸಿಗಿಂತ ಹೆಚ್ಚೇ ಕುಳಿತೆವೇನೋ. ಗರುಡವೊಂದು ಮೇಲೆ ಸುತ್ತುತ್ತಿತ್ತು. ಅವರು ತಮ್ಮ ಅಣ್ಣನ ದೋಣಿಯ ಕಥೆ ಹೇಳಿದರು, ಮಳೆಗಾಲದ ಎರಡು ತಿಂಗಳು, ಜೂನ್ ಒಂದರಿಂದ ಜುಲೈ ಮುಗಿಯುವವರೆಗೆ, ಯಾಂತ್ರಿಕ ದೋಣಿ ಕಟ್ಟಿಹಾಕಿ ಬಲೆ ಹೆಣೆಯುವ ಕಥೆ. ನೋಡುತ್ತಿದ್ದ ಹಾಗೆಯೇ ಪಾಚಿಯ ಗೆರೆ ಕೆಳಗೆ ಕೆಳಗೆ ಬಿಚ್ಚಿಕೊಂಡಿತು, ನಡುವೆ ಒಂದು ಚಪ್ಪಟೆ ಕಲ್ಲು ಎದ್ದು ಬಂತು, ಅದರಾಚೆ ಇನ್ನೊಂದು. ಆ ಕಲ್ಲುಗಳು ಅಲ್ಲಿವೆ ಎಂದು ಅವರಿಗೆ ಮೊದಲೇ ಗೊತ್ತಿತ್ತು. ನಾವು ಒಬ್ಬೊಬ್ಬರಾಗಿ, ಕೈ ಹಿಡಿಯುವ ಅಗತ್ಯವೂ ಇಲ್ಲದೆ ದಾಟಿದೆವು. ಕೈಗಡಿಯಾರದ ಯುವಕ ಕೊನೆಯಲ್ಲಿ ಬಂದ, ಏನೂ ಮಾತಾಡಲಿಲ್ಲ.

ನಾನು ದುಡ್ಡು ಕೊಟ್ಟದ್ದು ಆ ಒಂದು ತಾಸಿಗೆ ಎಂದು ಈಗಲೂ ಹೇಳುತ್ತೇನೆ. ದಾರಿ ತೋರಿಸುವುದಕ್ಕೆ ಮೊಬೈಲ್ ಸಾಕು. ಎಂಟು ಹತ್ತು ಮಂದಿ ಅವಸರದ ಪೇಟೆಯವರನ್ನು ಕಲ್ಲಿನ ಮೇಲೆ ಕೂರಿಸಿ, ಕೂತಲ್ಲೇ ಇರಿಸಲು ಮೊಬೈಲಿಗೆ ಆಗುವುದಿಲ್ಲ. ಚಳಿಗಾಲದ ನಮ್ಮ ಸಮುದ್ರ ನೋಡಲು ಸಾಧು. 2024ರ ಡಿಸೆಂಬರಿನಲ್ಲಿ ಮುರುಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದ ನಾಲ್ವರು ಹೆಣ್ಣುಮಕ್ಕಳನ್ನು ಎಳೆದೊಯ್ದದ್ದು ಇದೇ ಸಾಧು ಸಮುದ್ರ.

ಆದ್ದರಿಂದ ಈ ಚಳಿಗಾಲಕ್ಕೆ ಯೋಚಿಸುತ್ತಿರುವವರಲ್ಲಿ ನನ್ನದೊಂದು ಬಿನ್ನಹ. ಬೆಂಗಳೂರಿನಿಂದ ಸಂಜೆ ಹೊರಟು ಬೆಳಿಗ್ಗೆ ಕುಮಟಾದಲ್ಲಿ ಇಳಿಸುವ ಪಂಚಗಂಗಾ ರೈಲಿದೆ, ಟೆಂಪೋ ಟ್ರಾವೆಲರ್‌ನ ಸೀಟಿನಲ್ಲಿ ಕುತ್ತಿಗೆ ಉಳುಕಿಸಿಕೊಳ್ಳಬೇಡಿ. ಒಂದು ಹಗಲಿನ ನಡಿಗೆಯನ್ನು ಎರಡು ಹಗಲಿಗೆ ಹಂಚುವವರನ್ನು ಹುಡುಕಿ. ಆ ಊರಿನವರಾದರೆ ನಿಮ್ಮ ದುಡ್ಡೂ ಆ ಊರಿನಲ್ಲೇ ಉಳಿಯುತ್ತದೆ. ಭಾರತೀಯ ಸರ್ವೇಕ್ಷಣಾ ಇಲಾಖೆ ಪ್ರತಿ ವರ್ಷ ಉಬ್ಬರವಿಳಿತದ ಕೋಷ್ಟಕ ಪ್ರಕಟಿಸುತ್ತದೆ, ಇಂಟರ್ನೆಟ್ಟಿನಲ್ಲೂ ದಿನದಿನದ ಹೊತ್ತು ಸಿಗುತ್ತದೆ. ಅದನ್ನು ಮೊದಲೇ ನೋಡಿಟ್ಟುಕೊಂಡು ಫೋನ್ ಮಾಡಿ, ಆ ದಿನ ಇಳಿತ ಎಷ್ಟು ಗಂಟೆಗೆ ಎಂದು ಏನೂ ಗೊತ್ತಿಲ್ಲದವರ ಹಾಗೆ ಕೇಳಿ. ಹೊತ್ತು ಹೇಳಿದರೆ ಮುಂಗಡ ಕಳಿಸಿ. ‘ತಲೆ ಕೆಡಿಸ್ಕೋಬೇಡಿ ಮೇಡಂ’ ಎಂದರೆ ಬೇರೆಯವರಿಗೆ ಫೋನ್ ಮಾಡಿ.